ಪರದೆಯಣ್ಣನ ಬೆಳಕಿನ ಗೋಡೆ

ಪರದೆಯಣ್ಣ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಹೇಗೆ ಸತ್ತ ಎಂಬುದು ಊರಿಗೆಲ್ಲ ಗೊತ್ತು. ಎದೆ ಹಿಡಿದುಕೊಂಡ, ಕೂತ, ಹೋದ. ಅದರಲ್ಲಿ ಹೇಳುವುದೇನೂ ಇಲ್ಲ. ಹೇಳಬೇಕಾದ್ದು ಅದಕ್ಕೆ ಮುಂಚಿನದು. ಮಂಡಿ ನೋವು, ಸೊಂಟ ನೋವು ಎನ್ನುತ್ತಿದ್ದ ಮನುಷ್ಯ ಹೊಸದಾಗಿ ಸೈಕಲ್ ಕಲಿತ ಮಗುವಿನ ಹಾಗೆ ಒಳಗೂ ಹೊರಗೂ ಓಡಾಡಿದ ದಿನಗಳದು.

ಅವನ ನಿಜವಾದ ಹೆಸರು ಹೆಂಡತಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಅವಳಂತೂ ಅದನ್ನು ಬಾಯಿಬಿಟ್ಟು ಕರೆದವಳಲ್ಲ. ನಾಟಕದ ತಂಡಕ್ಕೆ ಅವನು ಬಂದದ್ದು ಪರದೆಯ ಹಗ್ಗ ಎಳೆಯಲು. ಹಳೆಯ ಪೇಂಟರಿಗೆ ಕಣ್ಣು ಮಂಜಾದಾಗ ಕುಂಚ ಇವನ ಕೈಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಅರಮನೆ, ಕಾಡು, ಕೆರೆ, ಬೀದಿ, ಬಡವನ ಮನೆ, ಎಲ್ಲ ಅವನೇ ಬರೆದ. ಒಂದು ಪರದೆಗೆ ಬಟ್ಟೆಯ ಎಷ್ಟೋ ಅಗಲಗಳನ್ನು ಕೂಡಿಸಿ ಹೊಲಿಯಬೇಕು. ಆ ಹೊಲಿಗೆ ಹೆಂಡತಿಯದು. ಅಂಟು ಕಾಯಿಸುವುದು, ಪುಡಿ ಬಣ್ಣ ಕಲೆಸುವುದು, ಒಣಗಿದ ಮೇಲೆ ಮಡಚದೆ ಸುತ್ತಿಡುವುದು, ಅದೂ ಅವಳದೇ. ಮನೆಯಲ್ಲಿ ಯಾವ ಪಾತ್ರೆ ಸಾರಿನದು, ಯಾವುದು ನೀಲಿಯದು ಎಂದು ಅವಳೊಬ್ಬಳಿಗೇ ಗೊತ್ತಿತ್ತು.

ತಂಡದಲ್ಲಿ ಬೀದಿ ಎಂದು ಇದ್ದದ್ದು ಒಂದೇ ಪರದೆ. ಹಳದಿ ಮನೆ, ದೀಪದ ಕಂಬ, ಮೂಲೆಯಲ್ಲೊಂದು ಹಸಿರು ಬಾಗಿಲು. ಯಾವ ನಾಟಕವಾದರೂ ಅದೇ ಬೀದಿ. ಕಳ್ಳ ಓಡುವುದೂ ಅಲ್ಲೇ, ಡಾಕ್ಟರು ಬರುವುದೂ ಅಲ್ಲೇ, ಮಗಳು ಮನೆ ಬಿಟ್ಟು ಹೋಗುವುದೂ ಅಲ್ಲೇ. ಪರದೆ ಇಳಿದ ಕೂಡಲೇ ಹಿಂದಿನ ಸಾಲಿನವರು, ಬಂತಪ್ಪ ನಮ್ಮ ಬೀದಿ, ಎನ್ನುತ್ತಿದ್ದರು. ಪರದೆಯಣ್ಣನಿಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಇನ್ನೊಂದು ಬೀದಿ ಬರೆಯೋಣ ಎಂದರೆ, ಇಡಲು ಜಾಗ ಎಲ್ಲಿದೆ ಎಂದು ಮೇನೇಜರ್ ಕೇಳುತ್ತಿದ್ದರು.

ಹೀಗಿರುವಾಗ ನಾಟಕದ ಹಾಲಿಗೆ ಬೆಳಕಿನ ಗೋಡೆ ಬಂತು.

ರಂಗದ ಹಿಂಭಾಗದ ಉದ್ದಕ್ಕೂ ಕಪ್ಪು ಹಲಗೆಗಳನ್ನು ಜೋಡಿಸಿದರು. ಸ್ವಿಚ್ ಒತ್ತಿದರೆ ಅದರಲ್ಲಿ ಚಿತ್ರ. ಇನ್ನೊಂದು ಒತ್ತಿದರೆ ಇನ್ನೊಂದು ಚಿತ್ರ. ಹಗ್ಗ ಬೇಡ, ಎಳೆಯುವವರು ಬೇಡ, ಬಟ್ಟೆ ಬೇಡ. ತಂಡದವರೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಒಬ್ಬೊಬ್ಬರೇ ಪರದೆಯಣ್ಣನ ಹತ್ತಿರ ಬಂದರು. ಅವನನ್ನು ಸಮಾಧಾನ ಮಾಡಬೇಕಲ್ಲ. ಅವರ ಮಾತು ಅವನ ಕಿವಿಗೇ ಬೀಳಲಿಲ್ಲ. ಗೋಡೆಯ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದ. ಚುಕ್ಕಿ ಚುಕ್ಕಿ ದೀಪ. ಹಿಂದೆ ಹಿಂದೆ ನಡೆದು ಕೊನೆಯ ಸಾಲಿನವರೆಗೂ ಹೋಗಿ ನೋಡಿದ. ಚುಕ್ಕಿ ಹೋಗಿ ಆಕಾಶ ಆಗಿತ್ತು.

ಮನೆಗೆ ಬಂದವನು ಚಪ್ಪಲಿ ಬಿಡಲೂ ಮರೆತ. ಲೇ, ಎಷ್ಟು ಬೀದಿ ಬೇಕಾದರೂ ಬರೀಬಹುದು ಕಣೇ, ಇಡೋಕೆ ಜಾಗವೇ ಬೇಡ, ಎಂದ.

ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಗೋಡೆಯ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಪರದೆ ಇಲ್ಲ ಎಂದರೆ ಅವಳ ಹೊಲಿಗೆಯೂ ಇಲ್ಲ. ಅದು ಈ ಮನುಷ್ಯನ ತಲೆಗೆ ಹೋಗಿಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಹಳೆಯ ಕಾಡಿನ ಪರದೆಯ ತುಂಡೊಂದನ್ನು ತಂದು ಮೆಷಿನ್ನಿಗೆ ಹೊದಿಸಿದಳು. ಆಮೇಲೆ ಊಟಕ್ಕೆ ಬಡಿಸಿದಳು.

ಮೇನೇಜರ್ ಕೆಟ್ಟವರಲ್ಲ. ಆದರೆ ಅವರಿಗೆ ನೂರೆಂಟು ಕೆಲಸ. ಚಿತ್ರಗಳು ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ, ಒತ್ತಿದರೆ ಇಳಿಯುತ್ತವೆ ಎಂದು ಅವರಿಗೆ ಯಾರೋ ಹೇಳಿದ್ದರು. ಪರದೆಯಣ್ಣ ಪಟ್ಟು ಹಿಡಿದ. ಹೊಸ ನಾಟಕಕ್ಕೆ ತಾನೇ ಬರೆಯುತ್ತೇನೆ, ಗೋಡೆಗೆ ಬರೆಯುವುದನ್ನು ಕಲಿಯುತ್ತೇನೆ ಎಂದ. ಮೇನೇಜರ್ ಒಪ್ಪಿದರು. ತಾಲೀಮಿನ ಹೊತ್ತಿಗೆ ಚೆನ್ನಾಗಿ ಬಂದರೆ ಅವನೇ ತಂಡದ ಪೇಂಟರ್. ಬರದಿದ್ದರೆ ನೆಟ್ಟಿನ ಚಿತ್ರ. ಆಗ ಅವನು ಮತ್ತೆ ಬರುವುದು ಬೇಡ. ಇದನ್ನು ಅವರು ಮೆತ್ತಗೇ ಹೇಳಿದರು. ಹೇಳಿದ್ದು ಮಾತ್ರ ಇಷ್ಟೇ.

ಕಲಿಸಲು ಬಂದವನು ಲೈಟಿನವ. ತಂಡದ ದೀಪಗಳನ್ನು ನೋಡಿಕೊಳ್ಳುವವನು, ಹೆಂಡತಿಯ ಸ್ವಂತ ತಮ್ಮ. ಗೋಡೆಯ ಕಂಪ್ಯೂಟರ್ ಈಗ ಅವನ ಕೈಯಲ್ಲಿತ್ತು. ಅವನೂ ಅದನ್ನು ಹಿಂದಿನ ತಿಂಗಳು ಕಲಿತವನು. ಆದರೆ ಭಾವನ ಮುಂದೆ ಹುಟ್ಟಿದಾಗಿನಿಂದ ಗೊತ್ತಿದ್ದವನ ಹಾಗೆ ಕೂತ. ಒಂದು ಟ್ಯಾಬ್ ತಂದ. ಗಾಜಿನ ಮೇಲೆ ಪೆನ್ನಿನಲ್ಲಿ ಬರೆಯಬೇಕು. ಪರದೆಯಣ್ಣ ಮೊದಲ ದಿನ ಪೆನ್ನನ್ನು ನೀರಿನ ಲೋಟದಲ್ಲಿ ಅದ್ದಲು ಹೋದ. ಎರಡನೆಯ ದಿನ ಬರೆದದ್ದು ಒಣಗಲಿ ಎಂದು ಟ್ಯಾಬನ್ನು ಫ್ಯಾನಿನ ಕೆಳಗೆ ಇಟ್ಟ. ಭಾವಮೈದುನ ನಕ್ಕು ನಕ್ಕು ಗೋಡೆಗೆ ಒರಗಿದ.

ಪರದೆಯಣ್ಣನಿಗೆ ಹುಚ್ಚು ಹಿಡಿಸಿದ್ದು ಒಂದು ಸಣ್ಣ ಗುರುತು. ಬಾಗಿದ ಬಾಣದ ಹಾಗಿತ್ತು. ಅದನ್ನು ಒತ್ತಿದರೆ ಈಗ ಎಳೆದ ಗೆರೆ ಇಲ್ಲವಾಗುತ್ತಿತ್ತು. ಬಟ್ಟೆಯ ಮೇಲೆ ಬಿದ್ದ ಬಣ್ಣ ಬಿದ್ದದ್ದೇ. ತಪ್ಪಿದರೆ ಅಲ್ಲೊಂದು ಮರ ಬರೆದು ಮುಚ್ಚಬೇಕು. ಅವನ ಕಾಡುಗಳಲ್ಲಿ ಮರ ಜಾಸ್ತಿ ಇದ್ದದ್ದು ಅದಕ್ಕೇ. ಅವನು ಅದನ್ನು ಹೆಂಡತಿಗೆ ತೋರಿಸಿದ. ಬರೆದ, ಒತ್ತಿದ, ಹೋಯಿತು. ಬರೆದ, ಒತ್ತಿದ, ಹೋಯಿತು.

"ನಮ್ಮ ಮದುವೆ ದಿನ ಇದು ಇರ್ಲಿಲ್ವಲ್ಲ" ಎಂದಳು ಅವಳು.

"ಇದ್ದಿದ್ರೂ ನಿನ್ನ ಕೈಗೆ ಕೊಡ್ತಿರ್ಲಿಲ್ಲ ಬಿಡು."

ಗೋಡೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಕ್ಕದ್ದು ಅವನಿಗೆ ಕಾಣಬಾರದು ಎಂದು ಒಳಗೆ ಹೋದಳು.

ಹೊಸ ನಾಟಕ ಒಂದು ಬೀದಿಯ ಕಥೆ. ಪರದೆಯಣ್ಣ ತನ್ನ ಹಳದಿ ಮನೆಯ ಬೀದಿಯನ್ನು ಬಿಟ್ಟ. ನಾವಿರುವ ಬೀದಿಯನ್ನೇ ಬರೆಯುತ್ತೇನೆ ಎಂದ. ನಿಮ್ಮ ಮನೆ ಬಾಗಿಲಿನ ಫೋಟೋ ಕಳಿಸಿ ಎಂದು ಲೈಟಿನವ ಬೀದಿಯವರ ಗ್ರೂಪಿನಲ್ಲಿ ಹಾಕಿದ. ಸಂಜೆಯೊಳಗೆ ಫೋನು ತುಂಬಿ ಹೋಯಿತು. ಬಾಗಿಲು, ಮೆಟ್ಟಿಲು, ಒಡೆದ ನಲ್ಲಿ, ಕಿಟಕಿಯಲ್ಲಿ ಮಲಗಿದ ಬೆಕ್ಕು. ಬೇಕರಿಯವನು ಅಂಗಡಿಯ ಬೋರ್ಡು ತೊಳೆದು ಮತ್ತೆ ಕಳಿಸಿದ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕಪಕ್ಕದ ಮನೆಯವರು, ನಡುವಿನ ಗೋಡೆ ಯಾರ ಫೋಟೋದಲ್ಲಿ ಬರಬೇಕು ಎಂದು ಗ್ರೂಪಿನಲ್ಲೇ ಜಗಳಕ್ಕೆ ನಿಂತರು. ಜಗಳವಾದರೂ ಮಾತಂತೂ ಶುರುವಾಯಿತು. ಪರದೆಯಣ್ಣ ಒಂದೂ ಬಿಡಲಿಲ್ಲ. ಎಲ್ಲ ಬಾಗಿಲನ್ನೂ ಬರೆದ. ಕಡೆಯಲ್ಲಿ ಆ ಬೀದಿಗೆ ಒಂದು ಬೆಳಗಿನ ಜಾವ ಬರೆದ. ಸೂರ್ಯ ಇನ್ನೂ ಬಂದಿಲ್ಲ, ಬರುತ್ತಾನೆ ಎಂದು ಗೊತ್ತಾಗುವ ಹೊತ್ತು. ಅದನ್ನು ಬರೆಯುವಾಗ ಅವನಿಗೆ ಊಟ, ನಿದ್ದೆ ಯಾವುದೂ ಬೇಡವಾಗಿತ್ತು.

ತಾಲೀಮಿನ ದಿನ ಎಲ್ಲರೂ ಸೇರಿದರು. ಲೈಟಿನವ ಬೆಳಗಿನ ಜಾವವನ್ನು ಗೋಡೆಗೆ ಬಿಟ್ಟ. ಕೂತಿದ್ದವರೆಲ್ಲ ಮುಂದಕ್ಕೆ ಬಾಗಿದರು. ಪರದೆಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಗ ನಾಯಕಿ ಪಾತ್ರದವಳು ಬಂದು ಗೋಡೆಯ ಮುಂದೆ ನಿಂತಳು. ಪಕ್ಕಕ್ಕೆ ತಿರುಗಿದಳು. ಕೆನ್ನೆ ನೀಲಿ, ಕಿವಿ ನೀಲಿ, ತೋಳು ನೀಲಿ. ತಂದೆಯ ಪಾತ್ರದವನು ಬಂದ. ಅವನ ಬಿಳಿ ಮೀಸೆ ಶಾಯಿ ಕುಡಿದ ಹಾಗೆ ಕಂಡಿತು. ಯಾರೋ ಕಿಸಕ್ಕೆಂದರು. ಆಮೇಲೆ ತಡೆಯುವವರು ಯಾರು? ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು.

"ಅಣ್ಣಾ, ಮೊದಲನೇ ಸೀನಿಗೇ ನನ್ನ ಹೆಣ ಮಾಡಿದ್ಯಲ್ಲ" ಎಂದಳು ನಾಯಕಿ.

ತಪ್ಪು ಕೈಯದಲ್ಲ, ಅಭ್ಯಾಸದ್ದು. ರಂಗದ ದೀಪ ಹಳದಿ. ಹಳದಿ ಬೆಳಕು ನೀಲಿಯನ್ನು ನುಂಗಿಬಿಡುತ್ತದೆ. ಅದಕ್ಕೆ ಪರದೆಗೆ ಬರೆಯುವವನು ನೀಲಿಯನ್ನು ಒಂದಕ್ಕೆ ಎರಡು ಹಾಕಬೇಕು. ಹಗಲಲ್ಲಿ ನೋಡಿದರೆ ಅವನ ಪರದೆಗಳು ಪೆಟ್ಟು ತಿಂದ ಮೈಯ ಹಾಗೆ ನೀಲಿಗಟ್ಟಿರುತ್ತಿದ್ದವು. ದೀಪ ಹಾಕಿದರೆ ಮಾತ್ರ ಆಕಾಶ. ಆಯುಷ್ಯವೆಲ್ಲ ಹಾಗೆ ಬರೆದವನು ಗಾಜಿನ ಮೇಲೂ ಹಾಗೇ ಬರೆದಿದ್ದ. ಈ ಗೋಡೆಯ ನೀಲಿಯನ್ನು ನುಂಗುವವರೇ ಇಲ್ಲ. ಗೋಡೆಯೇ ದೀಪ. ಹಾಕಿದ ನೀಲಿಯೆಲ್ಲ ಮುಂದೆ ನಿಂತವರ ಮೇಲೆ ಸುರಿಯಿತು.

ಮೇನೇಜರ್ ನಗಲಿಲ್ಲ. ನಾಡಿದ್ದು ಪ್ರದರ್ಶನ. ನಾಳೆ ಬೆಳಗ್ಗೆ ಇನ್ನೊಂದು ತಾಲೀಮು, ಅಷ್ಟರಲ್ಲಿ ಸರಿಯಾಗದಿದ್ದರೆ ನೆಟ್ಟಿನ ಬೀದಿ ಹಾಕುತ್ತೇನೆ ಎಂದು ಹೇಳಿ ಹೊರಟರು.

ಪರದೆಯಣ್ಣ ಮನೆಗೆ ಬಂದು ನೀಲಿ ಕಡಿಮೆ ಮಾಡಿದ. ಸಾಲದು ಅನ್ನಿಸಿತು, ಮತ್ತೆ ಹಾಕಿದ. ಬಾಣ ಒತ್ತಿದ. ಮತ್ತೆ ಹಾಕಿದ. ಯಾವುದು ಸರಿ ಎಂದು ಗೊತ್ತಾಗುವುದು ನಿಂತುಹೋಗಿತ್ತು. ಬಣ್ಣ ಮುಟ್ಟಿದ ಕೂಡಲೇ ಆ ಹಳದಿ ದೀಪ ತಲೆಯಲ್ಲಿ ತಾನೇ ಹತ್ತಿಕೊಳ್ಳುತ್ತೆ, ಆರಿಸೋಕೆ ಆಗ್ತಿಲ್ಲ ಎಂದು ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಸಿಟ್ಟು ಇದ್ದೇ ಇತ್ತು. ಆದರೆ ಅವನ ಮುಖ ನೋಡಿದಳು.

"ಬಟ್ಟೆ ಹೊಲಿದ್ರೆ ಮೈಮೇಲೆ ಹಾಕಿ ನೋಡಲ್ವೇನ್ರೀ? ಮೊಳೆಗೆ ನೇತುಹಾಕಿ ನೋಡ್ತಾರಾ?"

ಅವನಿಗೆ ಅರ್ಥವಾಗಲಿಲ್ಲ.

"ಯಾರನ್ನಾದ್ರೂ ಗೋಡೆ ಮುಂದೆ ನಿಲ್ಲಿಸಿಕೊಂಡು ಬಣ್ಣ ಹಾಕಿ. ಗೋಡೆ ನೋಡ್ಬೇಡಿ. ನಿಂತವರನ್ನ ನೋಡಿ."

"ಈಗ ಯಾರು ಬರ್ತಾರೆ?"

"ನಾನೇನು ದೆವ್ವಾನಾ?"

ಸಂಜೆ ಇನ್ನೂ ಬೆಳಕಿತ್ತು. ಲೈಟಿನವನನ್ನೂ ಕರೆದುಕೊಂಡು ಮೂವರೂ ಹಾಲಿಗೆ ಹೋದರು. ಲೈಟಿನವ ಕಂಪ್ಯೂಟರಿನ ಮುಂದೆ, ಪರದೆಯಣ್ಣ ಟ್ಯಾಬ್ ಹಿಡಿದು ಮೂರನೆಯ ಸಾಲಿನಲ್ಲಿ. ಹೆಂಡತಿ ಸೆರಗು ಸರಿ ಮಾಡಿಕೊಂಡು ರಂಗದ ಮೇಲೆ ಹೋಗಿ ನಿಂತಳು.

ಇಷ್ಟು ವರ್ಷದಲ್ಲಿ ಅವಳು ಪರದೆಯ ಈಚೆಗೆ ಬಂದವಳಲ್ಲ. ಹೊಲಿಗೆ ಬಿಚ್ಚಿದರೆ ಹಾಕಲು, ಹರಿದರೆ ತೇಪೆ ಹಾಕಲು ಸೂಜಿ ಹಿಡಿದು ಹಿಂದೆಯೇ ಇದ್ದವಳು. ಗಂಡ ಬರೆದ ಕೆರೆ ರಂಗದ ದೀಪದಲ್ಲಿ ಮುಂದಿನಿಂದ ಹೇಗೆ ಕಾಣುತ್ತದೆ ಎಂಬುದನ್ನು ಜನ ಹೇಳಿ ಕೇಳಿದ್ದಳು. ಅವನೂ ಅವಳನ್ನು ತನ್ನ ಚಿತ್ರದ ಮುಂದೆ ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದ. ಅವಳ ಮುಖವೂ ನೀಲಿಯಾಗಿತ್ತು. ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಪೆನ್ನು ತಾನೇ ಓಡಿತು.

ಎಡಕ್ಕೆ ತಿರುಗು ಎಂದ. ತಿರುಗಿದಳು. ಮುಂದೆ ಬಾ, ತಲೆ ಎತ್ತು, ಕೂತ್ಕೋ ಎಂದ. ಮಾಡಿದಳು. ಒಮ್ಮೆ ನಾಯಕಿಯಾಗಿ ನಿಂತಳು, ಒಮ್ಮೆ ತಂದೆಯಾಗಿ ಕುರ್ಚಿಯ ಮೇಲೆ ಕೂತಳು, ಒಮ್ಮೆ ಪೊಲೀಸಾಗಿ ಸೊಂಟದ ಮೇಲೆ ಕೈ ಇಟ್ಟಳು. ಅಕ್ಕ, ನಿಂಗೆ ಪೊಲೀಸ್ ಪಾತ್ರವೇ ಸರಿ, ಭಾವನಿಗೆ ಅಭ್ಯಾಸ ಇದೆ ಎಂದು ತಮ್ಮ ಕೂಗಿದ. ನೀಲಿ ಇಳಿಯಿತು. ಇಳಿದ ಜಾಗದಲ್ಲಿ ಪರದೆಯಣ್ಣ ಒಂದು ತೆಳ್ಳನೆಯ ಕೆಂಪು ತಂದ. ಅವಳ ಕೆನ್ನೆಯ ಅಂಚಿಗೆ ಸೂರ್ಯ ಬಂದ ಹಾಗಾಯಿತು.

ಅವನು ಪೆನ್ನು ನಿಲ್ಲಿಸಿದ. ಸುಮ್ಮನೆ ನೋಡುತ್ತ ಕೂತ.

"ಏನ್ರೀ, ಆಯ್ತಾ? ಕಾಲು ನೋಯ್ತಿದೆ."

"ಆಗಿ ಎಷ್ಟು ಹೊತ್ತಾಯ್ತು" ಎಂದ.

"ಮತ್ತೆ ಹೇಳ್ಬಾರ್ದಾ?"

"ನೋಡ್ತಿದ್ದೆ."

ಲೈಟಿನವ ತಲೆ ತಗ್ಗಿಸಿ ಕಂಪ್ಯೂಟರಿನಲ್ಲಿ ಏನೋ ಹುಡುಕುವವನ ಹಾಗೆ ಮಾಡಿದ.

ಬೆಳಗಿನ ತಾಲೀಮಿಗೆ ಮೇನೇಜರ್ ನೆಟ್ಟಿನ ಬೀದಿಯನ್ನು ಸಿದ್ಧ ಮಾಡಿಕೊಂಡೇ ಬಂದಿದ್ದರು. ಅದನ್ನು ಹಾಕಿಸಲಿಲ್ಲ. ನಾಯಕಿ ಗೋಡೆಯ ಮುಂದೆ ನಿಂತಳು, ತನ್ನ ಕೈ ತಿರುಗಿಸಿ ನೋಡಿಕೊಂಡಳು, ಬದುಕಿದೆ ಎಂದಳು. ಮೇನೇಜರ್ ಕೊನೆಯ ಸಾಲಿಗೆ ಹೋಗಿ ನೋಡಿದರು. ತಿರುಗಿ ಬಂದು, ಮುಂದಿನ ನಾಟಕದಲ್ಲಿ ಸಮುದ್ರ ಇದೆ, ಬರೀತೀಯಾ ಎಂದು ಕೇಳಿದರು. ಅಷ್ಟೇ ಕೇಳಿದ್ದು. ಪರದೆಯಣ್ಣ ಹಾಲಿನಿಂದ ಮನೆಯವರೆಗೂ ಓಡಿದ. ದಾರಿಯಲ್ಲಿ ಬೇಕರಿಯವನು, ಏನಾಯ್ತಣ್ಣ, ಬೆಂಕಿ ಬಿತ್ತಾ ಎಂದು ಹಿಂದೆಯೇ ಓಡಿ ಬಂದ.

ಪ್ರದರ್ಶನದ ದಿನ ಹಾಲ್ ಕಿಕ್ಕಿರಿಯಿತು. ನಾಟಕ ನೋಡಲು ಬಂದವರಿಗಿಂತ ಬಾಗಿಲು ನೋಡಲು ಬಂದವರೇ ಹೆಚ್ಚು. ಬೀದಿ ಕಾಣಿಸಿಕೊಂಡದ್ದೇ ತಡ, ಅಲ್ನೋಡು ನಮ್ಮನೆ, ಅಲ್ನೋಡು ನಮ್ಮ ಬೆಕ್ಕು ಎಂದು ಸಾಲುಸಾಲು ಎದ್ದು ನಿಂತಿತು. ನಾಯಕಿ ಮೊದಲ ಮಾತನ್ನು ಎರಡು ಸಲ ಹೇಳಬೇಕಾಯಿತು. ಹಿಂದಿನ ಸಾಲಿನಿಂದ ಯಾರೋ, ಬಂತಪ್ಪ ನಮ್ಮ ಬೀದಿ ಎಂದರು. ಅದೇ ಮಾತು. ಪರದೆಯಣ್ಣನಿಗೆ ಈ ಸಲ ಚುಚ್ಚಲಿಲ್ಲ. ಬಾಯಿ ಕಿವಿಯವರೆಗೂ ಹೋಯಿತು.

ನಾಟಕ ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ರಂಗ ಹತ್ತಿ ತಮ್ಮ ತಮ್ಮ ಬಾಗಿಲಿನ ಮುಂದೆ ನಿಂತು ಫೋಟೋ ತೆಗೆದುಕೊಂಡರು. ಮನೆಯಲ್ಲಿ ದಿನಾ ದಾಟುವ ಬಾಗಿಲು, ಅದರ ಮುಂದೆ ಒಂದೂ ಫೋಟೋ ತೆಗೆಸಿಕೊಂಡವರಲ್ಲ. ಜಗಳದ ಅಕ್ಕಪಕ್ಕದವರು ನಡುವಿನ ಗೋಡೆಯ ಮುಂದೆ ಇಬ್ಬರೂ ನಿಂತರು, ಮುಖ ಗಂಟು ಹಾಕಿಕೊಂಡೇ. ಎಲ್ಲರ ಮೈಮೇಲೂ ಆ ಬೆಳಗಿನ ಬೆಳಕು ಬಿದ್ದಿತ್ತು. ಯಾರ ಮುಖ ನೋಡಿ ಆ ಬಣ್ಣ ಹಾಕಿದ್ದು ಎಂದು ಅವರಿಗೆ ಗೊತ್ತಿರಲಿಲ್ಲ.

ಪರದೆಯಣ್ಣ ಆ ಸಮುದ್ರ ಬರೆದ. ಅದಕ್ಕೂ ಹೆಂಡತಿ ಹೋಗಿ ನಿಂತಳು. ಆಮೇಲೆ ಒಂದು ಆಸ್ಪತ್ರೆ, ಒಂದು ಸಂತೆ. ಗೋಡೆಯ ಬೆಳಕಿನಲ್ಲಿ ಜನರ ಕಣ್ಣು ಉಡುಪಿನ ಮೇಲೂ ಬೀಳುತ್ತದೆ ಎಂದು ಮೇನೇಜರ್ ಉಡುಪಿನ ಹೊಲಿಗೆಯನ್ನು ಅವಳಿಗೆ ಕೊಟ್ಟರು. ಮೆಷಿನ್ನಿನ ಮೇಲಿನ ಕಾಡನ್ನು ಅವಳು ತೆಗೆದಳು. ಹೊಲಿದದ್ದನ್ನು ಗೋಡೆಯ ಮುಂದೆ ಹಿಡಿದು ನೋಡುವುದನ್ನು ಕಲಿತಳು. ಅವನು ಹೋಗುವ ವಾರವೂ ಮೂರನೆಯ ಸಾಲಿನಲ್ಲಿ ಕೂತು, ಎಡಕ್ಕೆ ತಿರುಗು ಕಣೇ ಎನ್ನುತ್ತಿದ್ದ.

ಅವನ ಬೀದಿ ಈಗಲೂ ಗೋಡೆಯಲ್ಲಿದೆ. ಮೊನ್ನೆ ಆ ನಾಟಕವನ್ನು ಮತ್ತೆ ಹಾಕಿದರು. ನಾಯಕಿ ಹೊಸಬಳು. ಅವಳ ಮುಖಕ್ಕೆ ಬೆಳಗಿನ ಕೆಂಪು ಸ್ವಲ್ಪ ಜಾಸ್ತಿ, ಕಡಿಮೆ ಮಾಡಲೇ ಎಂದು ಲೈಟಿನವ ಅಕ್ಕನನ್ನು ಕೇಳಿದ. ಅವಳು ಉಡುಪಿನ ಅಂಚು ಮಡಚುತ್ತಿದ್ದಳು. ದಾರ ಕಡಿದಳು. ಎದ್ದು ಹೋಗಿ ಗೋಡೆಯ ಮುಂದೆ ನಿಂತಳು, ಎಡಕ್ಕೆ ತಿರುಗಿದಳು.

"ನೋಡಿ ಹೇಳು" ಎಂದಳು.

ತಮ್ಮ ನೋಡಿದ. ಸರಿಯಾಗೇ ಇದೆ ಎಂದ.

"ಹಂಗಾದ್ರೆ ಮುಟ್ಬೇಡ."