ಕಾಲ ಕೆಳಗಿನ ಸರಳು

ಉಡಣ್ಣ ಬೂಟು ಕೊಳ್ಳಲು ಹೊರಟನೆಂದರೆ ಅವನ ಹೆಂಡತಿ ಆ ಸಂಜೆಯ ಮಿಕ್ಕ ಕೆಲಸಕ್ಕೆಲ್ಲ ಎಳ್ಳುನೀರು ಬಿಡುತ್ತಿದ್ದಳು. ಅವನು ಮೊಬೈಲ್ ಟವರ್ ಹತ್ತಿ ರಿಪೇರಿ ಮಾಡುವವನು. ಉಡದ ಹಾಗೆ ಹಿಡಿದರೆ ಬಿಡದ ಆಸಾಮಿ ಎಂದು ಜೊತೆಯವರು ಇಟ್ಟ ಹೆಸರು ಅದು. ಆ ಹೆಸರು ಅವನ ಕೈಗಿಂತ ಅವನ ವಾದಕ್ಕೇ ಹೆಚ್ಚು ಒಪ್ಪುತ್ತದೆ ಎಂಬುದು ಹೆಂಡತಿಯ ಅಭಿಪ್ರಾಯ.

ಬೆಳಗಿನ ಹೊತ್ತು ಅಂಗಡಿಗೆ ಹೋಗುವವನೇ ಅಲ್ಲ. ದಿನವಿಡೀ ದುಡಿದು ಕಾಲು ಊದಿಕೊಂಡಿರಬೇಕು, ಕೆಲಸದ ದಪ್ಪ ಕಾಲುಚೀಲ ಜೇಬಿನಲ್ಲಿರಬೇಕು. ಬೂಟಿನ ಬಣ್ಣ ಅವನ ಕಣ್ಣಿಗೇ ಬೀಳುತ್ತಿರಲಿಲ್ಲ. ಮೊದಲು ತಿರುವಿ ತಳ ನೋಡುವನು. ಏಣಿಯ ಮೆಟ್ಟಿಲನ್ನು ಕಚ್ಚಿ ಹಿಡಿಯುವಂಥ ಅಂಚು ಹಿಮ್ಮಡಿಗಿದೆಯೇ? ಅಟ್ಟೆಯೊಳಗೆ ಉಕ್ಕಿನ ಪಟ್ಟಿ ಇದೆಯೇ? ಅದಿಲ್ಲದಿದ್ದರೆ ಸಪೂರ ಸರಳಿನ ಮೇಲೆ ನಿಂತು ನಿಂತು ಅಂಗಾಲು ಕಿತ್ತುಬರುತ್ತದೆ ಎನ್ನುವನು. ಲೇಸಿನ ತುದಿ ಎಲ್ಲೂ ಸಿಕ್ಕಿಕೊಳ್ಳದಂತೆ ಒಳಗೆ ಸೇರುತ್ತದೋ ಇಲ್ಲವೋ ಎಂಬುದಕ್ಕೂ ಒಂದು ಪಂಚಾಯ್ತಿ.

ಕೊನೆಯ ಪರೀಕ್ಷೆ ಅವನು ತಾನೇ ಹುಟ್ಟುಹಾಕಿದ್ದು. ಅಂಗಡಿಯ ಏಣಿ ಹಿಡಿದು, ಕಣ್ಣು ಮುಚ್ಚಿ, ಬೂಟು ಹಾಕಿದ ಒಂದು ಕಾಲು ಎತ್ತುವನು. ಅಂಗಡಿಯವರು ಅದರಡಿಗೆ ಕಬ್ಬಿಣದ ಸರಳು ತೂರಿಸಬೇಕು. ಕಾಲೂರಿದ ಕೂಡಲೇ ಸರಳು ಬೆರಳ ಬುಡದಲ್ಲಿದೆಯೋ, ನಡುವೆಯೋ, ಹಿಮ್ಮಡಿಯಲ್ಲೋ ಎಂದು ಇವನು ಹೇಳಬೇಕು. ತಪ್ಪಿದರೆ ಬೂಟು ವಾಪಸ್. ಮೇಲೆ ಹತ್ತಿದವನು ಕೆಳಗೆ ನೋಡಿ ನೋಡಿ ಕಾಲಿಡುವ ಹಾಗಿಲ್ಲ, ಕಣ್ಣಿನ ಕೆಲಸವನ್ನು ಪಾದವೇ ಮಾಡಬೇಕು ಎಂಬುದು ಅವನ ಲೆಕ್ಕ. ಜೊತೆಯವರಿಗೆಲ್ಲ ಹೀಗೇ ಬೂಟು ಆರಿಸಿಕೊಟ್ಟಿದ್ದ. ಯಾರೂ ಅವನ ಮಾತು ಮೀರುತ್ತಿರಲಿಲ್ಲ.

ಟವರ್ ಮೇಲೆ ಅವನ ಜೋಡಿ ಎಂದರೆ ಹೆಂಡತಿಯ ತಮ್ಮ. ಮೇಲೆ ಉಡಣ್ಣ, ಕೆಳಗೆ ಬಾಮೈದ. ಸೊಂಟಕ್ಕೆ ಬೆಲ್ಟು ಇದ್ದೇ ಇರುತ್ತದೆ. ಆದರೂ ಮೇಲಿನವನು ಜಾರಿದರೆ ಮೊದಲ ಏಟು ಕೆಳಗಿನವನ ತಲೆಗೆ. ಮರುದಿನ ಇಬ್ಬರೂ ದೊಡ್ಡದೊಂದು ಟವರ್ ಹತ್ತುವವರಿದ್ದರು.

ಈ ಸಲ ಹೆಂಡತಿಯ ಎದೆಯಲ್ಲಿ ಅಳುಕಿತ್ತು. ಮೊನ್ನೆ ಉಡಣ್ಣ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದ. ಇನ್ನೊಂದು ಬಾಗಿಲಾಚೆ ಕಳಚಿ ಬಿದ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅವನ ಸಕ್ಕರೆ ಕಾಯಿಲೆ ಹಳೆಯದು, ಅದು ಪಾದ ಮರಗಟ್ಟಿಸುತ್ತದೆ ಎಂದು ಅವಳು ಕೇಳಿದ್ದಳು. ಅವಳು ಸದ್ದಿಲ್ಲದೆ ಚಪ್ಪಲಿ ತಂದಿಟ್ಟಿದ್ದಳು. ಹೇಳಿದರೆ ಗಂಡನ ಕಸುಬನ್ನೇ ಕಿತ್ತುಕೊಂಡ ಹಾಗೆ, ಹೇಳದಿದ್ದರೆ ಒಡಹುಟ್ಟಿದ ತಮ್ಮನ ಜೀವ. ಅಷ್ಟರಲ್ಲಿ ಇವನು ಹೊಸ ಬೂಟು ಬೇಕೆಂದು ಹೊರಟುನಿಂತ. ಹಳೆಯದು ಇನ್ನೂ ಗಟ್ಟಿಮುಟ್ಟಾಗಿದೆಯಲ್ಲ ಎಂದರೆ ಹಾರಿಕೆಯ ಉತ್ತರ. ಅವಳೂ ಜೊತೆಗೆ ಹೊರಟಳು.

ಅಂಗಡಿಯವರು ಸರಳು ತೂರಿಸಿದರು. ನಡುವೆ ಇದೆ ಎಂದ ಉಡಣ್ಣ. ಸರಳು ಹಿಮ್ಮಡಿಯಲ್ಲಿತ್ತು. ಹಳೆಯ ಗಿರಾಕಿಯ ಮಾನ ಉಳಿಸಲು ಅವರು, ಈ ಅಟ್ಟೆ ತುಸು ದಪ್ಪ, ಬೇರೆ ತರುತ್ತೇನೆ ಎಂದರು. ಬೇರೆಯದರಲ್ಲೂ ತಪ್ಪಿತು. ಆಗ ಅವನು ಬೂಟು ಕಳಚಿ ಬರೀ ಕಾಲುಚೀಲದಲ್ಲಿ ನಿಂತ. ಮತ್ತೆ ನಡುವೆ ಎಂದು ಹೇಳಿ ಕಣ್ಣು ಬಿಟ್ಟು ನೋಡಿದರೆ ಸರಳು ಬೆರಳ ಬುಡದಲ್ಲಿ. ನಕ್ಕು ಮಾತು ಮರೆಸಬಹುದಿತ್ತು, ಅವನನ್ನು ಪ್ರಶ್ನಿಸುವವರು ಅಲ್ಲಿ ಯಾರೂ ಇರಲಿಲ್ಲ.

"ಬೂಟು ಸರಿಯಾಗೇ ಇದೆ," ಎಂದ. "ಕಾಲಿಗೇ ಗೊತ್ತಾಗ್ತಿಲ್ಲ."

"ರೀ, ನಂಗೆ ಮೊನ್ನೇನೇ ಅನುಮಾನ ಬಂದಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ."

"ನಂಗೂ ಬಂದಿತ್ತು ಕಣೇ. ಅದಕ್ಕೇ ಅಲ್ವಾ ಇವತ್ತು ಇಲ್ಲಿಗೆ ಬಂದಿದ್ದು."

ಅವಳಿಗೆ ಅಳು ಒತ್ತರಿಸಿ ಬಂತು. ಹೇಳಿದರೂ ಒಪ್ಪುವವನಲ್ಲವೆಂದು ಇಂಥ ಗಂಡಸಿನ ಮೇಲೆ ಮೊನ್ನೆಯಿಂದ ಮನಸ್ಸಿನಲ್ಲೇ ಮುನಿಸಿಕೊಂಡಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಫೋನ್ ಮಾಡಿ ಬಾಮೈದನನ್ನು ಕರೆಸಿದ. ನಾಳೆಯಿಂದ ಮೇಲಿನವನು ನೀನೇ, ನಿನ್ನ ಕೆಳಗೆ ಹತ್ತಲು ಬೇರೆಯವರನ್ನು ಕೇಳೋಣ, ನಾನು ನೆಲದ ಮೇಲಿದ್ದು ಹಗ್ಗ ನೋಡಿಕೊಳ್ಳುತ್ತೇನೆ ಎಂದ. ತಮಾಷೆ ಎಂದುಕೊಂಡು ನಗಲು ಹೋದ ಬಾಮೈದ ಅಕ್ಕನ ಮುಖ ನೋಡಿ ತಲೆಯಾಡಿಸಿದ. ಉಡಣ್ಣ ಅವನಿಗೆ ಹೊಸ ಬೂಟು ತೊಡಿಸಿ, ಲೇಸಿನ ತುದಿ ಒಳಗೆ ಸೇರಿಸಿ, ಸರಳನ್ನು ತಾನೇ ಹಿಡಿದು ನೆಲಕ್ಕೆ ಮಂಡಿಯೂರಿದ.

"ಹಿಮ್ಮಡಿ, ಭಾವ," ಎಂದ ಬಾಮೈದ ಕಣ್ಣು ಮುಚ್ಚಿಕೊಂಡು. ಆಮೇಲೆ ಬೆರಳ ಬುಡ. ಆಮೇಲೆ ನಡು. ಒಂದೂ ತಪ್ಪಲಿಲ್ಲ. ಉಡಣ್ಣನ ಮುಖ ಅರಳಿತು. ಇದೇ ಇರಲಿ, ಕಟ್ಟಿಕೊಡುವುದು ಬೇಡ, ಹಾಕಿಕೊಂಡೇ ಬರುತ್ತಾನೆ ಎಂದು ಅಂಗಡಿಯವರಿಗೆ ಹೇಳಿದ.

ಮೂವರೂ ಬೀದಿಗಿಳಿದರು. ಉಡಣ್ಣ ಮುಂದೆ ಮುಂದೆ ನಡೆಯುತ್ತ ಬಾಮೈದನಿಗೆ ನಾಳೆಯ ಟವರ್‌ನ ಗುಟ್ಟುಗಳನ್ನೆಲ್ಲ ಹೇಳತೊಡಗಿದ್ದ. ಹೆಂಡತಿ ಹಿಂದೆಯೇ ನಿಂತು ಬಗ್ಗಿ ಏನನ್ನೋ ಎತ್ತಿಕೊಂಡಳು.

"ರೀ, ನಿಲ್ಲಿ," ಎಂದು ಕೂಗಿದಳು. "ಚಪ್ಪಲಿ ಕಳಚಿ ಬಿದ್ದಿದೆ."