ವಿಧವೆಯರ ಬೆಂಚಿಗೆ ಬಂದ ದರ್ಜಿ

ಆ ಚರ್ಚಿನಲ್ಲಿ ಎಡಗಡೆಯ ಎರಡನೆಯ ಬೆಂಚು ಗಂಡನನ್ನು ಕಳೆದುಕೊಂಡವರದು. ಹಾಗೆಂದು ಎಲ್ಲೂ ಬರೆದಿಲ್ಲ. ಮಣ್ಣು ಮಾಡಿದ ಮುಂದಿನ ಭಾನುವಾರ ಹಿರಿಯ ವಿಧವೆ ಹೋಗಿ ಹೊಸಬಳ ಕೈಹಿಡಿದು ತಂದು ಕೂರಿಸುತ್ತಾರೆ. ಅಲ್ಲಿ ಕೂತು ಅತ್ತರೆ ಯಾರೂ ಯಾಕೆಂದು ಕೇಳುವುದಿಲ್ಲ.

ದರ್ಜಿಗೆ ಅಳಲು ಅಂಥ ಜಾಗವಿರಲಿಲ್ಲ. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನೂ ಅವನೂ ಹರೆಯದಿಂದ ಜೊತೆಯಾಗಿ ಬಾಳಿದವರು. ಕೆಳಗೆ ಹೊಲಿಗೆ ಯಂತ್ರ, ಮೇಲೆ ಒಂದು ಕೋಣೆ, ಒಂದೇ ಒಲೆ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಚರ್ಚಿಗೆ ಮಾತ್ರ ಒಬ್ಬ ಮುಂದಿನ ಬೀದಿಯಿಂದ ಹೋದರೆ ಇನ್ನೊಬ್ಬ ಹಿಂದಿನ ಓಣಿಯಿಂದ. "ಆಡೋ ಬಾಯಿಗೆ ನಾವೇ ಯಾಕೆ ತುತ್ತು ಕೊಡೋದು?" ಎಂದು ಹಾರ್ಮೋನಿಯಂನವನು ನಗುತ್ತಿದ್ದ.

ಅವನು ತೀರಿಕೊಂಡಾಗ ಸಭಾಪಾಲಕರು ದರ್ಜಿಯನ್ನು ಪಕ್ಕಕ್ಕೆ ಕರೆದರು. "ಮುಂದಿನ ಬೆಂಚು ಮನೆಯವರದ್ದಪ್ಪಾ. ನೀನು ಸ್ನೇಹಿತರ ಜೊತೆ ಕೂತ್ಕೋ."

ಮನೆಯವರೆಂದರೆ ಎಷ್ಟೋ ವರ್ಷ ಮುಖ ತೋರಿಸದ ಅಕ್ಕ, ಭಾವ. ಹೆಣದ ಮೈಮೇಲಿದ್ದ ಬಿಳಿ ಅಂಗಿಯನ್ನು ಅಳತೆ ಟೇಪು ಹಿಡಿಯದೆ ಹೊಲಿದಿದ್ದ ದರ್ಜಿ ಬಾಗಿಲ ಬಳಿ ನಿಂತೇ ಇದ್ದ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. "ಕಲ್ಲು ಕಣ್ರೀ ಇವನು" ಎಂದು ಯಾರೋ ಅಂದರು.

ಮುಂದಿನ ಭಾನುವಾರ ಅವನು ಕೊನೆಯ ಬೆಂಚಿನಲ್ಲಿ ಕೂತಿದ್ದ. ಹಿರಿಯ ವಿಧವೆ, ಎಲ್ಲರಿಗೂ ದೊಡ್ಡಮ್ಮ, ಕೋಲೂರಿಕೊಂಡು ಬಂದರು.

"ಏಳೋ."

"ಎಲ್ಲಿಗೆ ದೊಡ್ಡಮ್ಮ?"

"ಬಾ ಅಂದ್ರೆ ಬಾ. ಈ ಮಂಡಿ ಜಾಸ್ತಿ ಹೊತ್ತು ನಿಲ್ಲಲ್ಲ."

ಕೈಹಿಡಿದು ನಡೆಸಿಕೊಂಡು ಹೊರಟರು. ಸಭಾಪಾಲಕರು ಓದುವುದನ್ನು ನಿಲ್ಲಿಸಿದರು. "ದೊಡ್ಡಮ್ಮ, ಅದು ವಿಧವೆಯರ ಬೆಂಚು."

"ಮತ್ತೆ ಇವನೇನು ಮದುವೆಗೆ ಬಂದಿದಾನಾ ಅಯ್ಯನವರೇ? ಮನೆಗೆ ಹೋಗಿ ನೋಡಿ, ಒಲೆ ಹಚ್ಚಿ ಎಷ್ಟು ದಿನ ಆಯ್ತು ಅಂತ."

ಬೆಂಚಿನಲ್ಲಿದ್ದ ಒಬ್ಬಳು ಚೀಲ ಎತ್ತಿಕೊಂಡು ಎದ್ದು ಹೋದಳು. "ಹೋಗ್ಲಿ ಬಿಡು, ಜಾಗ ಅಗಲ ಆಯ್ತು" ಎಂದರು ದೊಡ್ಡಮ್ಮ. ಉಳಿದವರು ಸರಿದರು. ದರ್ಜಿ ತುದಿಯಲ್ಲಿ ಕೂತ. ವಾದ್ಯವಿಲ್ಲದೆ ಕೀರ್ತನೆ ಶುರುವಾಯಿತು. ಶ್ರುತಿ ಸಿಗದೆ ಒಬ್ಬೊಬ್ಬರದು ಒಂದೊಂದು ದಾರಿಯಾಯಿತು.

"ಅವನಿದ್ದಾಗ ಒಂದು ವಾರ, ಒಂದೇ ವಾರ, ನಮ್ಮಿಬ್ಬರನ್ನೂ ಹೀಗೆ ಕರೆದು ಕೂರಿಸಿದ್ರೆ ಆಗ್ತಿರಲಿಲ್ವಾ ದೊಡ್ಡಮ್ಮ?" ಎಂದ ದರ್ಜಿ.

ದೊಡ್ಡಮ್ಮ ಕೋಲನ್ನು ಬೆಂಚಿಗೆ ಒರಗಿಸಿದರು.

"ಆಗ್ತಿತ್ತು ಕಣೋ" ಎಂದರು.

ಆಗ ಅವನು ಅತ್ತ.