ಹುಳುವಿಲ್ಲದ ಹುಳುಕಡ್ಡಿ

ನಮ್ಮ ಜನ ಕಾಯಿಲೆಗಳಿಗೆ ಹೆಸರಿಡುವ ಮುನ್ನ ಯಾವುದೋ ಮೃಗಾಲಯವನ್ನು ಒಂದು ಸುತ್ತು ಹಾಕಿ ಬಂದಿರಬೇಕೆಂಬ ಗುಮಾನಿ ನನಗೆ ಬಹಳ ದಿನದಿಂದ ಇದೆ. ಕೆನ್ನೆ ಊದಿದರೆ ಮಂಗನಬಾವು. ಸೊಂಟದ ಬದಿಯಲ್ಲಿ ಉರಿಯುವ ಗುಳ್ಳೆಗಳು ಸಾಲಾಗಿ ಎದ್ದರೆ ಸರ್ಪಸುತ್ತು. ಚರ್ಮದ ಮೇಲೆ ಉಂಗುರದ ಆಕಾರದಲ್ಲಿ ಕಡಿತ ಶುರುವಾದರೆ ಹುಳುಕಡ್ಡಿ, ಅದೇ ಅಗಲವಾಗಿ ಹಬ್ಬಿದರೆ ಗಜಕರ್ಣ. ಮೊದಲೆರಡಕ್ಕೆ ಕಾರಣ ವೈರಸ್ಸು. ಕೊನೆಯ ಎರಡಕ್ಕೆ ಬೂಷ್ಟು, ಹಳೆಯ ಉಪ್ಪಿನಕಾಯಿಯ ಮೇಲೆ ಕಟ್ಟುತ್ತದಲ್ಲ, ಅದರ ದಾಯಾದಿ. ಮಂಗ, ಸರ್ಪ, ಹುಳು, ಆನೆ ಇವರ್ಯಾರೂ ಈ ವ್ಯವಹಾರದಲ್ಲಿ ಭಾಗಿಗಳಲ್ಲ. ಇಷ್ಟು ಸಣ್ಣ ಸತ್ಯವನ್ನು ಎಲ್ಲಿ, ಯಾರ ಮುಂದೆ ಹೇಳಬೇಕು ಎಂಬುದು ಮಾತ್ರ ದೊಡ್ಡ ವಿದ್ಯೆ.

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿದ್ದಿರಬೇಕು. ನಾನು ಆರೋಗ್ಯದ ಕಚೇರಿಯೊಂದರಲ್ಲಿ ದಾಕು ಹಾಕುವವನಾಗಿದ್ದೆ. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಚುಚ್ಚುವ ಕೆಲಸ. ನಜರ್‌ಬಾದಿನ ಓಣಿಗಳಲ್ಲಿ ನನ್ನ ಚೀಲ ಕಂಡರೆ ಮಕ್ಕಳು ಅಟ್ಟ ಹತ್ತುತ್ತಿದ್ದವು. ‘ಸಿಡುಬು’ ಎಂದರೆ ತಾಯಂದಿರು ಬಾಗಿಲು ಹಾಕುತ್ತಿದ್ದರು; ‘ಅಮ್ಮ’ ಎಂದರೆ ಕೂರಿಸಿ ಮಜ್ಜಿಗೆ ಕೊಡುತ್ತಿದ್ದರು. ಕಚೇರಿಯ ವರದಿಯಲ್ಲಿ ‘ಅಮ್ಮ’ ಎಂದು ಬರೆದರೆ ಮೇಲಿನವರು ಕೆಂಪು ಶಾಯಿ ಎಳೆಯುತ್ತಿದ್ದರು. ಹೀಗೆ ಒಂದೇ ಕಾಯಿಲೆಗೆ ಬೀದಿಗೊಂದು, ಕಾಗದಕ್ಕೊಂದು ಮಾತಾಡಿ ನಾಲಿಗೆ ಪಳಗಿತ್ತು. ಕೆಲಸ ಮಾತ್ರ ನಾಲ್ಕು ವರ್ಷದಿಂದ ಟೆಂಪರವರಿಯಾಗಿಯೇ ಉಳಿದಿತ್ತು.

ವಿದ್ಯಾರಣ್ಯಪುರದಲ್ಲಿ ಹೆಣ್ಣು ನೋಡಿ ಒಪ್ಪಿಗೆಯಾಗಿತ್ತು. ಹೆಣ್ಣಿನ ತಂದೆ ವೀಳ್ಯದೆಲೆಗೆ ಸುಣ್ಣ ಸವರುತ್ತ, “ಕೆಲ್ಸ ಟೆಂಪರವರಿ ಅಂದ್ರೆ ಅಳಿಯನೂ ಟೆಂಪರವರಿ ಆದಂಗೆ ಕಣಪ್ಪ. ಖಾಯಂ ಆರ್ಡರು ತಗೊಂಡು ಬಾ, ಛತ್ರ ನೋಡೋಣ” ಎಂದರು. ಬಾಗಿಲ ಹಿಂದೆ ಹುಡುಗಿ ನಕ್ಕಿದ್ದು ಕೇಳಿಸಿತು. ಆ ನಗುವನ್ನು ಬೇರೊಬ್ಬ ಖಾಯಂ ನೌಕರನಿಗೆ ಬಿಟ್ಟುಕೊಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಖಾಯಂ ಆಗಲು ಒಂದು ಬಾಯಿಪರೀಕ್ಷೆ ಪಾಸು ಮಾಡಬೇಕಿತ್ತು. ವಿಷಯ: ವೈರಸ್ಸಿನಿಂದಲೂ ಬೂಷ್ಟಿನಿಂದಲೂ ಮನುಷ್ಯರಿಗೆ ತಗಲುವ ರೋಗಗಳ ಪ್ರಾಥಮಿಕ ಜ್ಞಾನ. ಅಭ್ಯರ್ಥಿಗಳು ಇಬ್ಬರೇ. ನಾನು, ಮತ್ತು ನನಗಿಂತ ಹತ್ತು ವರ್ಷ ಹಿರಿಯರಾದ, ಹಳ್ಳಿಯ ಒಕ್ಕಲು ಮನೆತನದಿಂದ ಬಂದ ಒಬ್ಬ ಜೊತೆಗಾರರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಕಚೇರಿಯ ಬೀರುವಿನಲ್ಲಿದ್ದ ಏಕೈಕ ಪುಸ್ತಕವನ್ನು ಅವರು ಓದಿ, ಅರಗಿಸಿಕೊಂಡು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೂತು ನನಗೂ ತಿನ್ನಿಸಿದರು.

“ನೋಡಪ್ಪ, ವೈರಸ್ಸು ಅಂದ್ರೆ ಮನೆ ಅಳಿಯ ಇದ್ದಂಗೆ. ತನ್ನದು ಅಂತ ಒಲೆ ಇಲ್ಲ, ಪಾತ್ರೆ ಇಲ್ಲ. ಇನ್ನೊಬ್ಬರ ಮನೆ ಒಳೀಕೆ ಓಗಿಯೇ ಬೆಳೀಬೇಕು. ಬೂಷ್ಟು ಅಂಗಲ್ಲ. ಒದ್ದೆ ಜಾಗ ಸಿಕ್ಕಿದ್ರೆ ಸಾಕು, ತಾನೇ ಸಂಸಾರ ಹೂಡ್ತದೆ.”

ಇದಕ್ಕಿಂತ ಚೆನ್ನಾಗಿ ಆ ವಿಷಯವನ್ನು ನನಗೆ ಇವತ್ತಿನವರೆಗೂ ಯಾರೂ ವಿವರಿಸಿಲ್ಲ.

ಪರೀಕ್ಷೆ ಮಾಡಬೇಕಾಗಿದ್ದ ಡಾಕ್ಟರಿಗೆ ಆ ವಾರವೇ ವರ್ಗವಾಯಿತು. ಬದಲಿ ಡಾಕ್ಟರು ಬಂದಿರಲಿಲ್ಲ. ಆದರೆ ದಿನ ಗೊತ್ತಾದ ಪರೀಕ್ಷೆಯನ್ನು ಕೇವಲ ಡಾಕ್ಟರಿಲ್ಲವೆಂಬ ಕಾರಣಕ್ಕೆ ನಿಲ್ಲಿಸುವುದು ಸರ್ಕಾರದ ಸಂಪ್ರದಾಯವಲ್ಲವಷ್ಟೆ. ಕಂದಾಯದ ಒಬ್ಬ ಹಿರಿಯ ಅಧಿಕಾರಿಗಳನ್ನು ಕರೆತಂದು ಕೂರಿಸಿದರು. ಮುಚ್ಚುಗೋಟು, ಜರಿಪೇಟ. ಜಮೀನಿನ ಗಡಿ ತಕರಾರು ತೀರಿಸುವುದರಲ್ಲಿ ಅವರಿಗೆ ಸರಿಸಾಟಿಯಿಲ್ಲವೆಂದು ಹೆಸರಿತ್ತು. ಪ್ರಶ್ನೆಗಳ ಪಟ್ಟಿ ಅವರ ಕೈಯಲ್ಲಿತ್ತು. ಉತ್ತರಗಳ ಪಟ್ಟಿ ಹೋದ ಡಾಕ್ಟರ ತಲೆಯೊಳಗೆ ಹೋಗಿಬಿಟ್ಟಿತ್ತು.

ಅಣ್ಣ ಮೊದಲು ಒಳಗೆ ಹೋದರು. ಐದು ನಿಮಿಷಕ್ಕೆ ಹೊರಗೆ ಬಂದು ಬೆಂಚಿನ ಮೇಲೆ ಕೂತರು.

“ಏನು ಕೇಳಿದ್ರಣ್ಣ?”

“ಹುಳುಕಡ್ಡಿ ತರೋ ಹುಳು ಯಾವುದು ಅಂದ್ರು. ಹುಳುವೇ ಇಲ್ಲ ಅಂದೆ. ಎಸರಲ್ಲೇ ಐತಲ್ಲಯ್ಯ ಅಂದ್ರು. ಎಸರಲ್ಲಿ ಅದೆ ಸ್ವಾಮಿ, ಮೈಯಲ್ಲಿಲ್ಲ ಅಂದೆ. ಮುಂದಿನ ವರ್ಷ ನೋಡಾನ ನಡಿ ಅಂದ್ರು. ಬಂದ್ಬುಟ್ಟೆ.”

ನನ್ನ ಕಣ್ಣ ಮುಂದೆ ಛತ್ರದ ಚಪ್ಪರ ಒಂದು ಕಡೆಯಿಂದ ಕುಸಿಯತೊಡಗಿತು. ಅಷ್ಟರಲ್ಲಿ ನನ್ನನ್ನು ಕರೆದರು.

ಸಾಹೇಬರು ಪಟ್ಟಿಯನ್ನು ಖಾತೆಪಹಣಿಯಂತೆ ದೂರ ಹಿಡಿದು ಓದಿದರು. “ಮಂಗನಬಾವು ಮಂಗ ಕಚ್ಚಿ ಬರುತ್ತೋ, ಪರಚಿ ಬರುತ್ತೋ?”

“ಎರಡೂ ಅಲ್ಲ ಸಾರ್. ವೈರಸ್ಸು. ಎಂಜಲಿಂದ, ಕೆಮ್ಮಿಂದ ಹರಡುತ್ತೆ. ಕೆನ್ನೆ ಊದಿ ಮುಖ ಹಾಗೆ ಕಾಣುತ್ತೆ ಅಂತ ಆ ಹೆಸರು.”

ಅವರಿಗೆ ಇದು ಹಿಡಿಸಲಿಲ್ಲ. “ಸರ್ಪಸುತ್ತು. ತಲೆ ಬಾಲ ಕೂಡಿದ್ರೆ ಮನುಷ್ಯ ಉಳಿಯೋದಿಲ್ಲ, ಅಲ್ವೇ?”

“ಕೂಡೋದಿಲ್ಲ ಸಾರ್. ಒಂದು ನರ ಹಿಡಿದು ಮೈಯ ಒಂದೇ ಬದಿಗೆ ನಿಲ್ಲುತ್ತೆ. ಚಿಕ್ಕಂದಿನಲ್ಲಿ ಮೈಮೇಲೆ ಬಂದು ಹೋದ ಸೀತಾಳೆ ಸಿಡುಬಿನ ವೈರಸ್ಸೇ ಒಳಗೆ ಮಲಗಿದ್ದು ಏಳೋದು.”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮಂಗ ಇಲ್ಲ ಅಂದೆ. ಹಾವು ಇಲ್ಲ ಅಂದೆ. ಹುಳುಕಡ್ಡಿಲಿ ಹುಳುವಾದ್ರೂ ಇದೆಯೋ, ಅದೂ ಇಲ್ವೋ?”

ಹೊರಗಿನ ಬೆಂಚಿನಲ್ಲಿ ಅಣ್ಣ ಕೂತಿದ್ದರು. ವಿದ್ಯಾರಣ್ಯಪುರದ ಬಾಗಿಲ ಹಿಂದೆ ಹುಡುಗಿ ನಿಂತಿದ್ದಳು. ನಾನು ಹುಡುಗಿಯ ಪಕ್ಷ ವಹಿಸಿದೆ.

“ಇದೆ ಸಾರ್.”

“ಹೆಸರು?”

“ಬೂಷ್ಟು ಅಂತ ಸಾರ್.”

ಅವರ ಮುಖ ಅರಳಿತು. “ಕಾಲೆಷ್ಟು?”

“ಕಾಲಿಲ್ಲ ಸಾರ್. ಕಣ್ಣೂ ಇಲ್ಲ.”

“ವಾಸ?”

“ಬೆವರು ನಿಲ್ಲೋ ಜಾಗ, ಸರಿಯಾಗಿ ಒಣಗದ ಬಟ್ಟೆ, ಇನ್ನೊಬ್ಬರು ಮೈ ಒರೆಸಿದ ಟವಲು.”

“ಸಂಹಾರ?”

“ಆಸ್ಪತ್ರೆ ಮುಲಾಮು ಸಾರ್. ಬಟ್ಟೆ ಕುದಿಸಿ ಬಿಸಿಲಿಗೆ ಹಾಕೋದು.”

ಇಷ್ಟೆಲ್ಲದರಲ್ಲಿ ‘ಇದೆ’ ಎಂಬ ಒಂದು ಪದವನ್ನು ಬಿಟ್ಟರೆ ಬೇರೆ ಸುಳ್ಳಿರಲಿಲ್ಲ. ಸಾಹೇಬರು ಶಾಯಿಯಲ್ಲಿ ‘ಹುಳು: ಸರಿ. ತೇರ್ಗಡೆ’ ಎಂದು ಬರೆದು ಒತ್ತುಕಾಗದ ಒತ್ತಿದರು. ಆಮೇಲೆ ದನಿ ತಗ್ಗಿಸಿ, “ಬಾಗಿಲು ಮುಂದಕ್ಕೆಳಿ” ಎಂದರು. ಎಳೆದೆ. ಅವರು ಕೋಟಿನ ತೋಳು ಮೇಲೆ ಸರಿಸಿದರು. ಮಣಿಕಟ್ಟಿನ ಮೇಲೆ ಶಾಸ್ತ್ರೋಕ್ತವಾದ ಉಂಗುರ, ಸುತ್ತಲೂ ಸುಟ್ಟಂತೆ ಸುಲಿದ ಚರ್ಮ.

“ಎರಡು ತಿಂಗಳಿಂದ ಸೀಮೆಎಣ್ಣೆ ಸುರೀತಿದ್ದೀನಿ. ಉಸಿರು ಕಟ್ಟಿ ಹೊರಗೆ ಬರ್ಲಿ ಅಂತ. ನಿನ್ನ ಹುಳು ಬರ್ತಾನೇ ಇಲ್ಲವಲ್ಲಯ್ಯ.”

ಆ ಚರ್ಮ ನೋಡಿ ನನ್ನ ಬಾಯಿ ತಾನಾಗಿ ನಿಜ ಹೇಳಿತು. “ಹುಳು ಇಲ್ಲ ಸಾರ್. ಬರೀ ಬೂಷ್ಟು. ದಯಮಾಡಿ ಸೀಮೆಎಣ್ಣೆ ನಿಲ್ಸಿ.”

“ಹಾಗಾದ್ರೆ ಈಗ ತಾನೇ ಹೇಳಿದ್ದು?”

“ಅದು ಪರೀಕ್ಷೆಗೆ ಸರಿ ಸಾರ್, ಮೈಗೆ ತಪ್ಪು.”

ಸಾಹೇಬರು ನನ್ನನ್ನೂ ಕಾಗದವನ್ನೂ ನೋಡಿದರು. ಶಾಯಿ ಒಣಗಿತ್ತು. ತಿದ್ದಿದರೆ ಕಾರಣ ಬರೆದು ಮೇಲಿನವರ ಸಹಿ ಹಾಕಿಸಬೇಕು, ಕಾರಣವೋ ತೋಳಿನೊಳಗಿತ್ತು.

“ಮುಲಾಮಿನ ಹೆಸರು ಬರೆದುಕೊಡು” ಎಂದರು.

ಬರೆದುಕೊಟ್ಟೆ. ಧೈರ್ಯ ಮಾಡಿ, “ಸಾರ್, ಮೊದಲು ಬಂದವರು ಹೇಳಿದ್ದೂ ಇದನ್ನೇ” ಎಂದೆ.

“ಅವನು ಪರೀಕ್ಷೆಗೆ ಹೇಳ್ದ” ಎಂದು ಸಾಹೇಬರು ತೋಳನ್ನು ಇಳಿಸಿಕೊಂಡರು.

ಆರ್ಡರು ಬಂತು, ಮದುವೆಯಾಯಿತು. ಅಣ್ಣ ಮದುವೆಗೆ ಬಂದು ಎರಡು ದಿನ ಬಡಿಸಿದರು. ಪರೀಕ್ಷೆಯ ಮಾತೆತ್ತಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಮುಂದಿನ ವರ್ಷದ ಪರೀಕ್ಷೆಗೆ ಮುಂಚೆ ಅವರ ಮನೆಗೆ ಹೋಗಿ, ಋಣ ತೀರಿಸುವ ಉತ್ಸಾಹದಲ್ಲಿ ಉಪದೇಶ ಮಾಡಿದೆ.

“ಸುಳ್ಳು ಯೋಳು ಅಂತೀಯಾ?”

“ಒಂದೇ ಪದ ಅಣ್ಣ. ಬೂಷ್ಟು ಅನ್ನೋ ಹುಳು ಅನ್ನಿ. ಉಳಿದದ್ದೆಲ್ಲ ನೀವು ಹೇಳಿಕೊಟ್ಟದ್ದೇ.”

ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಆದರೆ ಆ ವರ್ಷ ಕುರ್ಚಿಯಲ್ಲಿ ಕೂತದ್ದು ಹೊಸದಾಗಿ ಬಂದ ನಿಜವಾದ ಡಾಕ್ಟರು. ಪಟ್ಟಿ ಹಳೆಯದೇ. ಅಣ್ಣನ ಉತ್ತರ ಕೇಳಿ ಡಾಕ್ಟರು ಹಣೆ ಹಿಡಿದುಕೊಂಡು, ಇಂಥ ಅಜ್ಞಾನಿಗಳ ಕೈಯಲ್ಲಿ ಊರಿನ ಮಕ್ಕಳ ತೋಳು ಸಿಕ್ಕಿದೆಯಲ್ಲ ಎಂದು ನೊಂದುಕೊಂಡು ಫೇಲು ಮಾಡಿದರಂತೆ.

ಸಂಜೆ ಅಣ್ಣ ನೇರ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಕಾಫಿ ಕೊಟ್ಟಳು. ಅರ್ಧ ಲೋಟ ಕುಡಿದ ಮೇಲೆ, “ನಿಜ ಯೋಳಿದ್ರೂ ಫೇಲು, ನಿನ್ನಂಗೆ ಯೋಳಿದ್ರೂ ಫೇಲು. ಇನ್ನು ನಾನು ಓದಬೇಕಾದ್ದು ಬೂಷ್ಟನ್ನಲ್ಲ ಕಣಪ್ಪ” ಎಂದರು.

ಮೂರನೆಯ ವರ್ಷ ಅವರು ಒಳಗೆ ಹೋಗಿ, ಕುರ್ಚಿಯಲ್ಲಿದ್ದವರಿಗೆ ಕೈಮುಗಿದು, “ಸ್ವಾಮಿ, ತಾವು ಡಾಕ್ಟರೋ, ಸಾಹೇಬರೋ?” ಎಂದು ಮೊದಲು ವಿಚಾರಿಸಿಕೊಂಡರಂತೆ. ಪಾಸಾದರು. ಕುರ್ಚಿಯಲ್ಲಿ ಯಾರಿದ್ದರೆಂದು ಮಾತ್ರ ನಾನು ಎಷ್ಟು ಕೇಳಿದರೂ ಹೇಳಲಿಲ್ಲ.